ಬಚ್ಚಲುಮನೆಯ ದೀಪ

ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಅತ್ತಿಗೆ, ನಾದಿನಿ ಮಾತಾಡುತ್ತಾ ಕೂತಿದ್ದರು. ದವಡೆ ಊದಿದ್ದರೂ ಅತ್ತಿಗೆಯ ಬಾಯಿಗೆ ಬಿಡುವಿರಲಿಲ್ಲ.

"ಹೊಸ ವೈರಿಂಗ್ ಆದ್ಮೇಲೆ ಅಡುಗೆಮನೆ ಲೈಟ್ ಆರಿಸಿದ್ರೆ ಬಚ್ಚಲುಮನೇದೂ ಆರೋದು ಕಣೇ. ನಿಮ್ಮಣ್ಣ ಸೋಪು ಹಚ್ಕೊಂಡು ಕತ್ತಲಲ್ಲಿ ಕೂಗೋರು."

"ಎಲೆಕ್ಟ್ರಿಷಿಯನ್‌ಗೆ ಹೇಳ್ಲಿಲ್ವಾ?"

"ಮೂರು ಸಲ ಹೇಳ್ದೆ. ‘ಅಭ್ಯಾಸ ಆಗುತ್ತೆ ಅಕ್ಕಾ’ ಅಂತ ಜಾರ್ಕೊಂಡ."

"ಜಗಳ ಆಡಿದ್ರಾ ಅತ್ತಿಗೆ?"

"ಇಲ್ಲಪ್ಪ. ಫ್ಯಾನ್ ನೋಡು ಬಾ ಅಂತ ಕರೆಸ್ದೆ. ಕೆಲಸ ಮುಗಿಸಿ ಬಚ್ಚಲಿಗೆ ಹೋಗಿ ಮುಖಕ್ಕೆ ಸೋಪು ಹಚ್ಚಿದ. ನಾನು ಅಡುಗೆಮನೆ ಲೈಟ್ ಆರಿಸ್ಬಿಟ್ಟೆ."

"ಅಯ್ಯೋ!"

"‘ಅಕ್ಕಾ, ಲೈಟು!’ ಅಂದ. ‘ಅಭ್ಯಾಸ ಆಗುತ್ತೆ ತಮ್ಮಾ’ ಅಂದೆ. ಮುಖ ಕೂಡ ಒರೆಸ್ಕೊಳ್ದೆ ವೈರ್ ಬಿಚ್ಚೋಕೆ ಕೂತ."

ನರ್ಸ್ ಕರೆದಳು. ಇಬ್ಬರೂ ಎದ್ದರು.

"ಸದ್ಯ, ಅಣ್ಣನ ಗೋಳು ತಪ್ಪಿತು."

"ಎಲ್ಲಿ ತಪ್ಪಿತು! ಲೈಟ್ ಸರಿಹೋದ್ರೂ ಈಗಲೂ ಸ್ನಾನಕ್ಕೆ ಟಾರ್ಚ್ ಹಿಡ್ಕೊಂಡೇ ಹೋಗ್ತಾರೆ. ಅಭ್ಯಾಸ ಆಗ್ಬಿಟ್ಟಿದೆ."