ಊದುಗೊಳವೆಯಲ್ಲಿ ಕೇಳಿದ ಕೂಸು

ಮೋಟಾರು ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದ ಕಾಲವದು. ಕುಲಗೋಡದ ಮೋಟಾರಿಗಾಗಿ ಗೋಕಾಕದಲ್ಲಿ ಕುಳಿತಿದ್ದ ಪದ್ಮವ್ವಳ ಪಕ್ಕದಲ್ಲಿ, ಹೆರಿಗೆಗೆಂದು ಹುಕ್ಕೇರಿಯ ತವರಿಗೆ ಹೊರಟ ಸೊಸೆ, ಅವಳನ್ನು ಕಳಿಸಲು ಬಂದ ಅತ್ತೆ ಕುಳಿತಿದ್ದರು.

“ಅತ್ತಿ, ಗಂಟಿನ್ಯಾಗ ಊದಗೊಳವಿ ಯಾಕ ಇಟ್ರಿ? ನಮ್ಮವ್ವನ ಮನ್ಯಾಗ ಒಲಿ ಊದಾಕ ಇಲ್ಲೇನ್ರಿ?”

“ಒಲಿಗಲ್ಲವಾ, ಹೊಟ್ಟಿಗಿ ಹಚ್ಚಿ ಕೂಸಿನ ಸಪ್ಪಳ ಕೇಳಾಕ. ನಿನ್ನ ಗಂಡ ನನ್ನ ಹೊಟ್ಟ್ಯಾಗ ಇದ್ದಾಗ ನಮ್ಮತ್ತಿ ಇದರಾಗ ಕೇಳಿ ನಗತಿದ್ರು.”

“ದಿನಾ ನೀವು ಕೇಳಿ ಹೇಳಿದ್ರ ನನಗ ಧೈರ್ಯ. ಹೋದ ಸಲ ತವರಾಗ ಹೊಟ್ಟ್ಯಾಗಿನ ಕೂಸು ಸುಮ್ಮನಾಗಿದ್ದು ಯಾರಿಗೂ ತಿಳೀಲಿಲ್ಲ. ನಮ್ಮವ್ವಗ ಕಿವಿ ಮಂದ. ಅಲ್ಲಿ ಯಾರು ಕೇಳಬೇಕ್ರಿ?”

ಹುಕ್ಕೇರಿಯ ಮೋಟಾರು ಬಂದು ನಿಂತಿತು; ಅತ್ತೆ ಗಂಟನ್ನು ತಾನೇ ಎತ್ತಿಕೊಂಡಳು.

“ನಡಿ, ನಾನೂ ಬರತೇನಿ.”

“ಬಾಣಂತನಕ್ಕ ಅತ್ತಿ ಬೀಗರ ಮನಿಗಿ ಬಂದ್ರ ಮಂದಿ ನಗತಾರ್ರಿ!”

“ನಗಲಿ ಬಿಡು. ಹತ್ತು, ಹತ್ತು.”

ಇಬ್ಬರೂ ಹುಕ್ಕೇರಿ ಮೋಟಾರು ಹತ್ತಿ ಹೋದರು. ಪದ್ಮವ್ವಳಿಗೆ, ಹಿಂದೆ ತಾನು ಬಸುರಿಯಾಗಿದ್ದಾಗ ತನ್ನತ್ತೆ ಕೂಸಿನ ಸಪ್ಪಳಕ್ಕೆ ಕಿವಿಗೊಡುವಾಗ ಹೊಟ್ಟೆಗೆ ತಾಗುತ್ತಿದ್ದ, ಅವಳ ಕಿವಿಯ ತಣ್ಣನೆಯ ಬುಗುಡಿ ನೆನಪಾಯಿತು.