ಪರದೆಯ ಹಿಂದಿನ ಅಜ್ಜಿ

ಕೈ ನಿಲ್ಲಿಸಬೇಡಿ ತಾಯಂದಿರೇ, ಅವರೆಕಾಳು ಹಿಸುಕುತ್ತಲೇ ಕೇಳಿ. ಮಧ್ಯಾಹ್ನ ಇಷ್ಟು ಜನಕ್ಕೆ ಸಾರಾಗಬೇಕು. ಸಿಪ್ಪೆ ಆ ಮೊರಕ್ಕೆ, ಕಾಳು ಈ ಪಾತ್ರೆಗೆ. ಪುಟ್ಟಸಿದ್ದಮ್ಮ, ನಿನ್ನ ಮೊಮ್ಮಗಳನ್ನು ನನ್ನ ಪಕ್ಕಕ್ಕೆ ಕಳಿಸು. ಈಗ ತಾನೇ ನೀನು, 'ಪ್ರವಚನದಜ್ಜಿಗೆ ಆ ಡ್ಯಾನ್ಸು ಮಾಡಿ ತೋರಿಸೇ' ಅಂತ ಅದರ ರಟ್ಟೆ ಹಿಡಿದು ಎಳೆಯುತ್ತಿದ್ದೆ. ಅದು ಬೇಡ ಬೇಡ ಅಂತ ನಿನ್ನ ಸೆರಗಿನೊಳಗೇ ಮುಖ ಮುಚ್ಚಿಕೊಂಡಿತು. ಇರಲಿ, ಇಲ್ಲಿ ಕಾಳು ಉರುಳಿಸಿಕೊಂಡು ಆಡುತ್ತಿರಲಿ. ಇವತ್ತು ಕೋಪದ ವಿಚಾರ ಮಾತಾಡೋಣ ಅಂತ ಬಂದಿದ್ದೆ. ಅದು ಮುಂದಿನ ಸಲಕ್ಕೂ ಹಳಸುವುದಿಲ್ಲ. ಈ ಮಗು 'ಬೇಡ' ಅಂದಿತಲ್ಲ, ಆ ಮಾತಿನ ಮೇಲೆ ಒಂದು ಕತೆ ಹೇಳುತ್ತೇನೆ.

ಒಂದು ಪಟ್ಟಣದಲ್ಲಿ ಟೀವಿ ಧಾರಾವಾಹಿ ತೆಗೆಯುವ ಶ್ರೀಮಂತನೊಬ್ಬ ಇದ್ದ. ಅದೇ ಪಟ್ಟಣದ ಒಂದು ಗಲ್ಲಿಯಲ್ಲಿ ಒಬ್ಬ ತಾಯಿ, ಅವಳ ಅತ್ತೆ, ಅವಳ ಆರು ವರ್ಷದ ಮಗಳು. ಗಂಡ ಲಾರಿ ಓಡಿಸುತ್ತಿದ್ದ, ಬಂದಾಗ ಬಂದ. ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಉಣ್ಣೋಕೆ ಉಡೋಕೆ ಕೊರತೆ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊರತೆ ಇರಲಿಲ್ಲ.

ಆ ಮಗು ಭಾರೀ ಚೂಟಿ. ಸೊಪ್ಪು ಮಾರುವವಳು ಬೀದಿಯಲ್ಲಿ ಹೇಗೆ ಕೂಗುತ್ತಾಳೋ ಹಾಗೇ ಕೂಗೋದು, ಅಜ್ಜಿ ಎಲೆಅಡಿಕೆ ಹಾಕಿಕೊಂಡು ಹೇಗೆ ಬೈಯುತ್ತಾಳೋ ಹಾಗೇ ಬೈಯೋದು. ರವಿಕೆ ಹೊಲಿಸಲು ಬಂದ ಶ್ರೀಮಂತನ ಹೆಂಡತಿ ಅದನ್ನು ನೋಡಿದಳು. 'ಏನ್ರೀ ಇದು, ಈ ಮಗೂನ ಮನೇಲಿ ಬಚ್ಚಿಟ್ಟುಕೊಂಡಿದೀರಲ್ಲ!' ಅಂದಳು. ಅಲ್ಲಿಂದ ಶುರುವಾಯಿತು. ಮಗು ಟೀವಿಯಲ್ಲಿ ಹೊನ್ನಿ ಅನ್ನುವ ತಬ್ಬಲಿ ಹುಡುಗಿಯಾಯಿತು.

ಶ್ರೀಮಂತ ಕೆಟ್ಟವನಾ? ನೋಡಿ, ಹಾಗೆ ಹೇಳಿಬಿಟ್ಟರೆ ನಮಗೆಲ್ಲ ಸುಲಭ. ಅವನು ಕೆಟ್ಟವನಲ್ಲ. ಮಕ್ಕಳನ್ನು ಕ್ಯಾಮರಾ ಮುಂದೆ ದುಡಿಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು ಅಂತ ಕಾನೂನಿದೆ. ದಿನಕ್ಕೆ ಐದು ಗಂಟೆ ಮೀರಬಾರದು. ಮೂರು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು. ಶಾಲೆ ತಪ್ಪಬಾರದು. ಬಂದದ್ದರಲ್ಲಿ ಒಂದು ಪಾಲು ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿರಬೇಕು. ಅನುಮತಿ ಆರು ತಿಂಗಳಿಗೆ, ಆಮೇಲೆ ಮತ್ತೆ ಕೇಳಬೇಕು. ಶ್ರೀಮಂತ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಮಗು ಮಲಗಲು ಹಾಸಿಗೆ ಇಟ್ಟ, ಹೊತ್ತಿಗೆ ಸರಿಯಾಗಿ ಹಾಲು ಕೊಡಿಸಿದ, ಕಾರು ಕಳಿಸಿದ. ಅವನ ಮ್ಯಾನೇಜರು ಗಡಿಯಾರ ನೋಡಿ, 'ಮಗೂನ ಬಿಡ್ರಪ್ಪಾ, ಟೈಮಾಯ್ತು' ಅನ್ನುತ್ತಿದ್ದ.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದರಿಂದ ಮಾಡಿಸಬಾರದು ಅಂತ. ನಾನು ನಡುವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು, ಓದುವುದು ನಿಧಾನ. ಆ ಸಾಲಿಗೆ ಬಂದಾಗ ಇನ್ನೂ ನಿಧಾನವಾದೆ. ಮಿಕ್ಕದ್ದನ್ನೆಲ್ಲ ಗಡಿಯಾರ ನೋಡಿ ಹೇಳಬಹುದು. ಇದನ್ನು ಮಗುವಿನ ಮುಖ ನೋಡಿಯೇ ಹೇಳಬೇಕು. ಯಾರು ನೋಡಬೇಕು ತಾಯಂದಿರೇ? ಜಿಲ್ಲಾಧಿಕಾರಿ ದಿನಾ ಬಂದು ನೋಡುತ್ತಾರಾ?

ಮಗುವಿನ ಜೊತೆ ಅಜ್ಜಿ ಹೋಗುತ್ತಿದ್ದಳು. ತೊಡೆ ಮೇಲೆ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಕಡ್ಲೆಮಿಠಾಯಿ. ಮಗುವಿಗೂ ಕೊಡುವಳು, ಲೈಟು ಹಿಡಿಯುವವರಿಗೂ ಕೊಡುವಳು.

ಒಂದು ದಿನ ಹೊನ್ನಿ ಅಳಬೇಕಾಗಿತ್ತು. ದೊಡ್ಡವರಿಗಾದರೆ ಕಣ್ಣಿಗೆ ಗ್ಲಿಸರಿನ್ ಹಾಕುತ್ತಾರಂತೆ. ನಿರ್ದೇಶಕನಿಗೆ ಮನಸ್ಸು ಬರಲಿಲ್ಲ. ಪಾಪ, ಎಳೇ ಕಣ್ಣು, ಉರಿಯುತ್ತೆ ಅಂದ. ಕರುಣೆ ನೋಡಿ! ಕಣ್ಣು ಉರಿಯಬಾರದು ಅಂತ ಅವನು ಬೇರೆ ದಾರಿ ಹುಡುಕಿದ.

'ಅಜ್ಜೀ, ಒಂದು ಗಳಿಗೆ ಆ ಬಟ್ಟೆ ಬದಲಾಯಿಸೋ ಕೋಣೆ ಪರದೆ ಹಿಂದೆ ನಿಂತ್ಕೊಳ್ತೀರಾ?'

'ಯಾಕಪ್ಪಾ?'

'ಸುಮ್ನೆ, ಒಂದು ಆಟ.'

ಅಜ್ಜಿ ನಿಂತಳು. ನಿರ್ದೇಶಕ ಮಗುವಿನ ಮುಂದೆ ಮೊಣಕಾಲೂರಿ ಕೂತ. 'ಚಿನ್ನಾ, ನಿಮ್ಮಜ್ಜಿ ನಿನ್ನ ಬಿಟ್ಟು ಬಸ್ಸು ಹತ್ತಿಬಿಟ್ರಲ್ಲೋ.'

ಮಗು ಅತ್ತಿತು ನೋಡಿ! ಕ್ಯಾಮರಾ ಓಡಿತು. 'ಓಕೆ!' ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಪರದೆ ಸರಿಯಿತು, ಅಜ್ಜಿ ನಗುತ್ತಾ ಬಂದಳು, ಡಬ್ಬಿ ತೆರೆದಳು. ಮಗು ಬಿಕ್ಕುತ್ತಲೇ ಮಿಠಾಯಿ ಕಡಿಯಿತು.

ಬಸ್ಸು ಹತ್ತಿದ್ದು ಕೆಲವು ದಿನಕ್ಕೆ ಸಾಕಾಯಿತು. ಆಮೇಲೆ ಮಗು ನಂಬದೇ ಹೋಯಿತು. ಆಗ ಅಜ್ಜಿ ಬಿದ್ದು ಕಾಲು ಮುರಿದುಕೊಂಡಳು. ಅದೂ ಹಳೆಯದಾದಾಗ ನಿರ್ದೇಶಕ, 'ಅಜ್ಜಿ ಸತ್ತೋದ್ರು ಪುಟ್ಟಾ' ಅಂದ. ಅದು ಮಾತ್ರ ಪ್ರತಿ ಸಲವೂ ನಡೆಯಿತು. ಯಾಕೆ ಹೇಳಿ? ಈ ಸಲ ಸುಳ್ಳು ಅಂತ ತಿಳಿದಿದ್ದರೂ, ಒಂದು ವೇಳೆ ನಿಜವಾದರೆ ಅನ್ನುವ ಭಯ ಇರುತ್ತಲ್ಲ, ಆ ಸಂದಿಯೊಳಗಿಂದ ಅಳು ಬರುತ್ತಿತ್ತು. ಸತ್ತಳು ಅನ್ನಬೇಕು, ಮಗು ಅಳಬೇಕು, ಚೆನ್ನಾಗಿ ಅಳಬೇಕು, ಚಪ್ಪಾಳೆ ಬೀಳಬೇಕು, ಪರದೆ ಸರಿಯಬೇಕು, ಅಜ್ಜಿ ಬರಬೇಕು. ಹೀಗೆ ಕಲಿತಿತು ಆ ಮಗು. ಶಾಲೆಯಲ್ಲಿ ಮಗ್ಗಿ ಕಲಿತ ಹಾಗೆ ಕಲಿತಿತು.

ಇತ್ತ ತಾಯಿಗೆ ಏನಾಯಿತು ಗೊತ್ತಾ? ಹುಕ್ಕು ಸರಿಯಿಲ್ಲ, ತೋಳು ಬಿಗಿ ಅಂತ ಜಗಳ ಆಡುತ್ತಿದ್ದ ಹೆಂಗಸರೇ, 'ಬನ್ನಿ ಹೊನ್ನಿ ಅಮ್ಮಾ, ಕೂತ್ಕೊಳ್ಳಿ' ಅಂತ ಕುರ್ಚಿ ಎಳೆದು ಹಾಕಿದರು. ರೇಷನ್ ಅಂಗಡಿಯ ಸಾಲಿನಲ್ಲಿ ಮುಂದಕ್ಕೆ ಬಿಟ್ಟರು. ಅವಳ ಹೆಸರು ಹೋಯಿತು, ಮಗುವಿನ ಹೆಸರೂ ಹೋಯಿತು. ಆದರೆ ಜನ ತಿರುಗಿ ನೋಡುತ್ತಿದ್ದರಲ್ಲ! ಅಷ್ಟು ವರ್ಷ ಯಾರೂ ತಿರುಗಿ ನೋಡದ ಹೆಂಗಸಿಗೆ ಅದು ಸಣ್ಣ ವಿಷಯ ಅಲ್ಲ. ಅವಳನ್ನು ಬೈಯಬೇಡಿ.

ಒಂದು ಸಂಜೆ ಅವಳು ಮಿಷನ್ ತುಳಿಯುತ್ತಿದ್ದಾಗ ಮಗು ಬಂದು ಅವಳ ಮೊಣಕಾಲು ಹಿಡಿದುಕೊಂಡಿತು.

'ಅಮ್ಮಾ, ನಾಳೆ ಬೇಡ.'

'ಯಾಕೆ ಕಂದಾ, ಕಾರು ಬರುತ್ತಲ್ಲ?'

'ನಾಳೆ ಹೋದ್ರೆ ಅಜ್ಜಿ ಸಾಯ್ತಾಳೆ.'

ಅಜ್ಜಿ ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದವಳು ನಕ್ಕಳು. 'ಸಾಯೋಳೂ ನಾನೇ, ಮಿಠಾಯಿ ಹಂಚೋಳೂ ನಾನೇ! ನಾನು ಹೋದಾಗ ಇಷ್ಟು ಚೆನ್ನಾಗಿ ಅಳೋರಿದಾರೆ ಅಂತ ಈಗ್ಲೇ ಗೊತ್ತಾಯ್ತಲ್ಲೇ, ಎಷ್ಟು ಜನಕ್ಕೆ ಈ ಪುಣ್ಯ ಉಂಟು?'

ಮಗು ಆಚೆ ಹೋದ ಮೇಲೆ ಅವಳ ನಗು ನಿಂತಿತು. 'ಇವಳೇ, ಅದು ಕೂಗೋದನ್ನ ಆ ಪರದೆ ಹಿಂದೆ ನಿಂತು ಕೇಳಕ್ಕಾಗಲ್ಲ ಕಣೇ. ಓಡಿಬರೋಣ ಅಂದ್ರೆ ಒಬ್ಬ ಕೈ ಅಡ್ಡ ಇಟ್ಟು, ಇರಿ ಅಜ್ಜೀ ಇರಿ, ಇನ್ನೂ ಮುಗಿದಿಲ್ಲ ಅಂತಾನೆ. ಸಾಕು. ಕಾಗದ ಬರೆದುಹಾಕು.'

ತಾಯಿ ಅವತ್ತೇ ಬರೆದಳು. ಅದರಲ್ಲೇನೂ ಗುಟ್ಟಿರಲಿಲ್ಲ. ಮಾನ್ಯ ಜಿಲ್ಲಾಧಿಕಾರಿಗಳಿಗೆ, ನನ್ನ ಮಗಳಿಗೆ ಇಷ್ಟವಿಲ್ಲ, ದಯವಿಟ್ಟು ಅನುಮತಿ ಮುಂದುವರಿಸಬೇಡಿ. ಅಷ್ಟೇ. ಲಕೋಟೆಗೆ ಸ್ಟಾಂಪು ಅಂಟಿಸಿ ಮಿಷನ್ನಿನ ಡ್ರಾದಲ್ಲಿ ಗುಂಡಿ, ದಾರದುಂಡೆಗಳ ಜೊತೆ ಇಟ್ಟಳು. ಇಟ್ಟವಳು ಇಟ್ಟೇ ಇಟ್ಟಳು. ಗೌರಿ ಹಬ್ಬ ಕಳೆಯಲಿ ಅಂದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳನ್ನು ಅತಿಥಿಗಳ ಪಕ್ಕ ಕೂರಿಸುತ್ತಾರಂತೆ, ಅದೊಂದು ಆಗಲಿ ಅಂದಳು. ಮಗು 'ಬೇಡ' ಅಂದಾಗೆಲ್ಲ, 'ಇದೊಂದು ವಾರ ಬಂಗಾರಿ' ಅಂದಳು.

'ಹಾಕ್ದೇನೇ?' ಅನ್ನುವಳು ಅಜ್ಜಿ.

'ಹಾಕ್ತೀನತ್ತೆ.'

ಒಂದು ಬೆಳಿಗ್ಗೆ, ಮಗು ಶಾಲೆಗೆ ಹೋಗಿದ್ದಾಗ, ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ದರು. ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಮಗು ಮನೆಗೆ ಬಂದಾಗ ಅಜ್ಜಿಯ ದೇಹ ಇನ್ನೂ ಬಂದಿರಲಿಲ್ಲ. ಮನೆ ತುಂಬ ಜನ. ಪಕ್ಕದ ಮನೆಯವಳು ಬಾಗಿಲಲ್ಲೇ ಮಗುವನ್ನು ತಬ್ಬಿಕೊಂಡಳು. 'ನಿಮ್ಮಜ್ಜಿ ಹೋಗ್ಬಿಟ್ರು ಕಂದಾ, ನಿಮ್ಮಜ್ಜಿ ಸತ್ತೋದ್ರು.'

ಮಗು ಬ್ಯಾಗು ಕೆಳಗಿಟ್ಟಿತು. ಅತ್ತಿತು. ಕಣ್ಣಿನ ತುಂಬ ನೀರು, ತುಟಿ ಅದುರುತ್ತಿದೆ, ಎರಡೂ ಕೈ ಮುಂದೆ ಚಾಚಿದೆ. 'ಟೀವೀಲಿ ಅಳೋ ಹಾಗೇ ಅಳುತ್ತೆ ನೋಡ್ರೀ' ಅಂದಳು ಯಾರೋ ಒಬ್ಬಳು. ಇನ್ನೊಬ್ಬಳ ಕೈ ಫೋನಿಗೆ ಹೋಯಿತು.

ಆಮೇಲೆ ಮಗು ಅಳು ನಿಲ್ಲಿಸಿತು. ಮುಂಗೈಯಿಂದ ಮುಖ ಒರೆಸಿಕೊಂಡು ಸುತ್ತ ಎಲ್ಲರನ್ನೂ ನೋಡಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

'ಸಾಕಾ?' ಅಂತು.

ಆ ಮನೆಯಲ್ಲಿ ಅಡುಗೆಕೋಣೆಗೆ ಬಾಗಿಲಿರಲಿಲ್ಲ, ಅಜ್ಜಿಯ ಹಳೇ ಸೀರೆಯನ್ನೇ ಪರದೆ ಕಟ್ಟಿದ್ದರು. ಮಗು ಸೀದಾ ಅಲ್ಲಿಗೆ ಹೋಯಿತು. 'ಅಜ್ಜೀ, ಆಯ್ತು, ಬಾ' ಅಂತು. ಪರದೆ ಸರಿಸಿತು. ಒಲೆ, ಉಕ್ಕಿ ಒಣಗಿದ ಹಾಲಿನ ಪಾತ್ರೆ. ಯಾರೂ ಇರಲಿಲ್ಲ.

ಆಗ ಆ ಮಗು ಏನು ಮಾಡಿತು ಗೊತ್ತಾ ತಾಯಂದಿರೇ? ತಾಯಿಯ ಹತ್ತಿರ ಬಂದು ಮೆಲ್ಲಗೆ ಕೇಳಿತು. 'ಚೆನ್ನಾಗಿ ಬರ್ಲಿಲ್ವಾ ಅಮ್ಮಾ? ಇನ್ನೊಂದು ಸಲ ಅಳ್ತೀನಿ. ಈ ಸಲ ಚೆನ್ನಾಗಿ ಅಳ್ತೀನಿ, ಅಜ್ಜೀನ ಬರಕ್ಕೆ ಹೇಳು.'

ಮತ್ತೆ ಅತ್ತಿತು. ಮೊದಲಿಗಿಂತ ಚೆನ್ನಾಗಿ ಅತ್ತಿತು. ಸಂಜೆ ದೇಹ ಬರುವವರೆಗೂ ಅಳುತ್ತಿತ್ತು, ನಿಲ್ಲಿಸುತ್ತಿತ್ತು, ಆ ಸೀರೆಯ ಕಡೆ ನೋಡುತ್ತಿತ್ತು.

ಹ್ಞಾಂ, ಕೈ ನಿಂತಿತಲ್ಲ ಎಲ್ಲರದೂ. ನಿಂತರೆ ನಿಲ್ಲಲಿ. ಸಾರು ಸ್ವಲ್ಪ ತಡವಾಗಲಿ.

ಯಾರು ಮಾಡಿದ್ದು ಇದನ್ನು? ಶ್ರೀಮಂತನಾ? ಅವನು ಒಂದು ಗಂಟೆಯೂ ಹೆಚ್ಚಿಗೆ ದುಡಿಸಲಿಲ್ಲ. ನಿರ್ದೇಶಕನಾ? ಅವನು ಕಣ್ಣು ಉರಿಯಬಾರದು ಅಂದ. ತಾಯಿಯಾ? ಅವಳು ಬರೆದಿಟ್ಟಿದ್ದಳು. ಎಲ್ಲರ ಹತ್ತಿರವೂ ಒಂದೊಂದು ಉತ್ತರ ಇದೆ, ಮಗುವಿಗೆ ಮಾತ್ರ ಅಜ್ಜಿ ಇಲ್ಲ. ಇನ್ನೂ ಒಂದು ಕೇಳುತ್ತೇನೆ. ಆ ಅಳು ಯಾರಿಗೋಸ್ಕರ? ಸಂಜೆ ಅನ್ನಕ್ಕಿಟ್ಟು, ಕಾಲು ಚಾಚಿ, 'ಅಯ್ಯೋ ಪಾಪ ಹೊನ್ನೀ' ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡುತ್ತಿದ್ದರಲ್ಲ, ಅವರಿಗೋಸ್ಕರ. ಅವರು ಯಾರು? ನಂಜಮಣಿ, ತಲೆ ಬಗ್ಗಿಸಬೇಡ, ನಿನ್ನೊಬ್ಬಳಿಗೆ ಹೇಳುತ್ತಿಲ್ಲ.

'ನಮ್ಮನೇಲಿ ಯಾವ ಕ್ಯಾಮರಾ ಇದೆ ತಾಯೀ?' ಅಂತ ಕೇಳುತ್ತಿದ್ದಾಳೆ ಪುಟ್ಟಸಿದ್ದಮ್ಮ. ಕ್ಯಾಮರಾ ಬೇಡ ಕಣಮ್ಮ, ನಮ್ಮ ನಾಲಿಗೆ ಸಾಕು. ಮಗು ಉಣ್ಣಲಿಲ್ಲ, 'ನಿನ್ನ ಬಿಟ್ಟು ಹೋಗ್ತೀನಿ ನೋಡು.' ಮಗು ಹಟ ಮಾಡಿತು, 'ನಾನು ಸತ್ತರೆ ಆಗ ಗೊತ್ತಾಗುತ್ತೆ ನಿಂಗೆ.' ಬಾಗಿಲ ಮರೆಯಲ್ಲಿ ಅಡಗಿಕೊಳ್ಳುತ್ತೇವೆ, ಅದು ಅಳುವವರೆಗೂ ಕಾಯುತ್ತೇವೆ, ಅತ್ತ ಮೇಲೆ ಬಂದು ಎತ್ತಿಕೊಂಡು ಮುದ್ದು ಮಾಡುತ್ತೇವೆ. 'ಎಷ್ಟು ಪ್ರೀತಿ ನೋಡ್ರೀ ನನ್ನ ಮೇಲೆ' ಅನ್ನುತ್ತೇವೆ. ಆ ನಿರ್ದೇಶಕನೂ ಯಾವುದೋ ಮನೆಯಲ್ಲಿ ಹುಟ್ಟಿ ಬೆಳೆದವನೇ ಅಲ್ಲವೇ, ಅವನಿಗೆ ಈ ವಿದ್ಯೆ ಎಲ್ಲಿಂದ ಬಂತು?

'ಹಂಗಾದ್ರೆ ಉಣ್ಣಿಸೋದು ಹೆಂಗೆ?' ಅನ್ನುತ್ತಾಳೆ ಪುಟ್ಟಸಿದ್ದಮ್ಮ. ಹಸಿದಾಗ ಉಣ್ಣುತ್ತೆ ಕಣೇ. ನೀನು ಸ್ವಲ್ಪ ಕಾಯಬೇಕು, ಅಷ್ಟೇ.

ಇವತ್ತಿನಿಂದ ಇಷ್ಟು ಮಾಡಿ. ಸಾಯುವ ಮಾತು, ಬಿಟ್ಟುಹೋಗುವ ಮಾತು ಮಕ್ಕಳ ಮುಂದೆ ಆಟಕ್ಕೂ ಬೇಡ. ನೆಂಟರು ಬಂದಾಗ ಹಾಡು, ಕುಣಿ ಅಂತ ನಿಲ್ಲಿಸುವ ಮುಂಚೆ, ಫೋನು ಎತ್ತುವ ಮುಂಚೆ, ಮಗುವನ್ನೇ ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಕಾರಣ ಕೊಡುವಷ್ಟು ಮಾತು ಇನ್ನೂ ಬಂದಿರುವುದಿಲ್ಲ. ನಿಮ್ಮ ಬೀದಿಯಲ್ಲಿ ಯಾರಾದರೂ ಮಗುವನ್ನು ಶೂಟಿಂಗಿಗೆ ಕಳಿಸುತ್ತಿದ್ದರೆ ಅನುಮತಿ ಇದೆಯಾ ಕೇಳಿ, ಇದೆ ಅಂದರೂ ಸುಮ್ಮನಾಗಬೇಡಿ, ಮಗುವಿನ ಮುಖ ನೋಡಿ. ಮತ್ತೆ, ಮಗುವಿಗೋಸ್ಕರ ಬರೆದ ಕಾಗದವನ್ನು ಡ್ರಾದಲ್ಲಿಡಬೇಡಿ. ನಿಮ್ಮ ನಿಮ್ಮ ಡ್ರಾದಲ್ಲಿ ಯಾವ್ಯಾವ ಕಾಗದ ಇದೆಯೋ ನನಗೇನು ಗೊತ್ತು?

ಆ ಕಾಗದ ಏನಾಯಿತು ಅಂತೀಯಾ ನಂಜಮಣಿ? ಹೇಳುತ್ತೇನೆ.

ತಿಥಿಯ ದಿನ ಮ್ಯಾನೇಜರು ಹಣ್ಣು ಹಿಡಿದುಕೊಂಡು ಬಂದ. ಅವನಿಗೂ ದುಃಖವಾಗಿತ್ತು, ಅಜ್ಜಿಯ ಮಿಠಾಯಿ ತಿಂದವನು. ಹೊರಡುವಾಗ ತಗ್ಗಿದ ದನಿಯಲ್ಲಿ, 'ಆತುರ ಏನಿಲ್ಲಮ್ಮಾ, ಅನುಮತಿಯ ಅವಧಿ ಮುಗೀತಾ ಬಂತು. ಮನಸ್ಸು ತಿಳಿಯಾದ ಮೇಲೆ ಸಹಿ ಮಾಡಿಕೊಡಿ' ಅಂದ.

'ಮಾಡಲ್ಲಪ್ಪಾ' ಅಂದಳು ತಾಯಿ. 'ನನ್ನ ಮಗಳಿಗೆ ಬೇಡವಂತೆ. ಯಾವಾಗಲೋ ಹೇಳಿತ್ತು.'

ಅವನು ಹೋದ ಮೇಲೆ ಡ್ರಾ ಎಳೆದಳು. ಲಕೋಟೆ ಬಿಚ್ಚಿ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದಳು. ಬೇರೆ ಮಕ್ಕಳಿಗೆ ಅನುಮತಿ ಕೊಡುವಾಗ, ಅವರನ್ನು ಹೇಗೆ ಅಳಿಸುತ್ತಾರೆ ಅಂತ ಕೇಳಿ. ಅನ್ನದ ಅಗುಳು ಒತ್ತಿ ಲಕೋಟೆ ಅಂಟಿಸಿದಳು. ಮಗುವಿನ ಕೈ ಹಿಡಿದುಕೊಂಡು ಬೀದಿಯ ಕೊನೆಗೆ ನಡೆದಳು. ದಾರಿಯಲ್ಲಿ ಯಾರೋ 'ಹೊನ್ನಿ ಅಮ್ಮಾ' ಅಂದರು. ಅವಳು ತಿರುಗಲಿಲ್ಲ.

ಅಂಚೆ ಡಬ್ಬಿಯ ಹತ್ತಿರ ಮಗು ಕೇಳಿತು. 'ಇದನ್ನ ಹಾಕಿದ್ರೆ ಅಜ್ಜಿ ಬರ್ತಾಳಾ?'

ಹೂಂ ಅಂದುಬಿಡಬಹುದಾಗಿತ್ತು. ಅಂದಿದ್ದರೆ ಮಗು ನಗುತ್ತಿತ್ತು. ತಾಯಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಗುವಿನ ಮುಖ ನೋಡಿಕೊಂಡು ಹೇಳಿದಳು. 'ಇಲ್ಲ ಕಂದಾ. ಅಜ್ಜಿ ಎಲ್ಲೂ ಅಡಗಿಕೊಂಡಿಲ್ಲ. ಬರಲ್ಲ.'

'ಚೆನ್ನಾಗಿ ಅತ್ರೂ?'

'ಚೆನ್ನಾಗಿ ಅಳೋದು ಬೇಡ. ಅಳು ಬಂದ್ರೆ ಅಳು. ಬರದಿದ್ರೆ ಸುಮ್ನಿರು.'

ಮಗು ಕೈ ಎತ್ತಿತು. ತಾಯಿ ಅದನ್ನು ಎತ್ತಿಕೊಂಡಳು. ಮಗು ತನ್ನ ಕೈಯಾರೆ ಕಾಗದವನ್ನು ಡಬ್ಬಿಯ ಬಾಯಿಗೆ ಹಾಕಿತು.