ಕುವೈತಿನ ಲಾರಿಗೆ ಅಕ್ಕನ ಹೂಂ

ಹಲೋ… ಹಲೋ, ಯಾರು ಮಾತಾಡ್ತಿರೋದು?…

ಹಾಂ, ಗುಬ್ಬೀನೇ. ವೆಂಕಟೇಶಯ್ಯನೋರ ಕೊಬ್ಬರಿ ಮಂಡಿ. ಪುಟ್ಟತಾಯಮ್ಮ ಅಂದ್ರೆ ನಾನೇ. ಬೊಂಬಾಯಿಂದ ಟ್ರಂಕಾಲು ಅಂತ ಹೇಳಿ ಕಳಿಸಿದ್ರು, ಗುಡಿಗೆ ಹೊರಟೋಳು ಹಂಗೇ ಬಂದೆ. ಅಂಜನಪ್ಪಾ, ನೀನೇನೋ?…

ಅಲ್ವಾ? ಮತ್ತೆ ಯಾರು ನೀವು?…

ಬೆಟ್ಟಸ್ವಾಮಿ. ಯಾವ ಬೆಟ್ಟಸ್ವಾಮಿ?… ಏಜೆಂಟ್ ಆಫೀಸಿನೋರಾ. ನನ್ ತಮ್ಮನ್ನ ಕುವೈತಿಗೆ ಲಾರಿ ಡ್ರೈವರ್ ಮಾಡಿ ಕಳಿಸ್ತೀನಿ ಅಂದೋರು ನೀವೇ ಅಲ್ವಾ?… ಕನ್ನಡ ಚೆನ್ನಾಗೇ ಮಾತಾಡ್ತೀರ. ಯಾವೂರು?…

ಕುಣಿಗಲ್ಲಾ. ನಮ್ಮ ಕಡೆಯೋರೇ ಅನ್ನಿ. ಕುಣಿಗಲ್ಲಲ್ಲಿ ಯಾರ ಪೈಕಿ?… ಕುದುರೆ ಫಾರಂ ಹತ್ರ ಅಂದ್ರೆ ಹೆಂಗೆ ಗೊತ್ತಾಗುತ್ತೆ ಸ್ವಾಮಿ, ಕುದುರೆಗಳಿಗೂ ಅದೇ ವಿಳಾಸ. ನಾನು ಕೇಳಿದ್ದು ಮನೆತನ… ಚಿಕ್ಕೋರಿದ್ದಾಗ್ಲೇ ಊರು ಬಿಟ್ರಾ. ಹಾಂ. ಹೋಗ್ಲಿ ಬಿಡಿ…

ನಮ್ಮ ಅಂಜನಪ್ಪ ಎಲ್ಲಿ?… ಪಕ್ಕದಲ್ಲೇ ಇದ್ರೆ ಅವನ ಕೈಗೆ ಕೊಡಿ… ಮೊದಲು ನಿಮ್ಮ ಹತ್ರ ಮಾತಾಡ್ಬೇಕಾ? ಏನು ಮಾತು?…

ಹೂಂ ಅನ್ಬೇಕಾ? ನಾನಾ?…

ಬರೀ ಅಷ್ಟಕ್ಕೆ ಬೊಂಬಾಯಿಂದ ಫೋನ್ ಮಾಡಿಸಿದ್ರಾ?… ಮನೆ ಹಿರಿಯರು ಒಪ್ಪಿದಾರೆ ಅನ್ನೋದು ನಿಮ್ಮ ಕಿವಿಗೆ ಬೀಳ್ಬೇಕು, ನಾಳೆ ಯಾರೂ ಬಂದು ತಕರಾರು ತೆಗೀಬಾರ್ದು. ಹಂಗಲ್ವಾ?… ತಕರಾರು ತೆಗೆಯೋ ಅಂಥದ್ದು ನಾಳೆ ಏನಾಗುತ್ತೆ?… ಸುಮ್ನೆ ಒಂದು ಪದ್ಧತಿ. ಸರಿ. ಪದ್ಧತಿ ಆಗ್ಬೇಕಾದ್ರೆ ಮುಂಚೆ ಯಾರೋ ಬಂದು ಅತ್ತಿರ್ಬೇಕಲ್ಲ…

ಕೋಪ ಮಾಡ್ಕೋಬೇಡಿ. ನನ್ನ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬರಲ್ಲ. ನಮ್ಮಪ್ಪ ದೀಪ ಹಚ್ಚಿದ ಮೇಲೆ ಜಗುಲೀಲಿ ಕೂತು ರಾಗವಾಗಿ ಪದ್ಯ ಹೇಳೋರು. ಹೂಂಗುಟ್ಟೋ ಕೆಲಸ ನಂದು. ನಾನು ಹೂಂ ಅಂದ್ರೆ ಮುಂದಿನ ಪದ್ಯ. ಅನ್ನದೆ ಹೋದ್ರೆ ಕುದುರೆ ಏರಿದ ರಾಜ ಕುದುರೆ ಮೇಲೇ ಇರೋನು, ನಮ್ಮಪ್ಪ ಕದಲೋರಲ್ಲ. ಅರ್ಥವಾಗದೆ ಹೂಂ ಅನ್ಬೇಡ ಮಗಾ, ಕಥೆ ಹಾಳಾಗುತ್ತೆ ಅನ್ನೋರು. ಅದಕ್ಕೆ ನಂಗೆ ಮೊದಲು ಅರ್ಥವಾಗ್ಬೇಕು. ಅಂಜನಪ್ಪನಿಗೆ ಕೊಡಿ…

ಏನ್ಲಾ, ಊಟ ಆಯ್ತೇನ್ಲಾ?… ಯಾಕೆ ದನಿ ಹಂಗೈತೆ?… ಚೆನ್ನಾಗಿದೀನಿ ಅನ್ನೋದನ್ನ ಯಾರೋ ಹೇಳಿಕೊಟ್ಟ ಹಂಗೆ ಒಪ್ಪಿಸ್ತಿದೀಯಲ್ಲ…

ಪರೀಕ್ಷೆ ಪಾಸಾಯ್ತಾ. ಸಂತೋಷ. ಅಲ್ಲಿ ಸ್ಟೇರಿಂಗು ಎಡಗಡೆ ಅಂತಾರಲ್ಲ, ನಿಜಾನಾ?… ಅಂದ್ರೆ ಇಲ್ಲಿ ಕ್ಲೀನರ್ ಕೂರೋ ಕಡೆ ಕೂತು ಓಡ್ಸೋದು. ಭಾವನ ಕೈಲಿ ಅಷ್ಟು ವರ್ಷ ಬೈಸ್ಕೊಂಡು ಡ್ರೈವರ್ ಆದೋನು, ತಿರುಗಿ ಕ್ಲೀನರ್ ಜಾಗಕ್ಕೇ ಹೋದೆ ಅನ್ನು… ನಗು ಬುಡು. ಈಗ ನೀನೇ ಅಂತ ಗ್ಯಾರಂಟಿ ಆಯ್ತು…

ಎಷ್ಟು ಜನ ಪಾಸಾದ್ರಿ?… ನಾಲ್ಕೇ ಜನಾನಾ? ಅದೇನಪ್ಪ ಅಂಥ ಪರೀಕ್ಷೆ?… ಸೀಮೇಸುಣ್ಣದ ಗೆರೆ ತುಳಿದಿದ್ದಕ್ಕೇ ಒಬ್ಬನ್ನ ಬೇಡ ಅಂದ್ರಾ?… ಹಾಂ?… ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ…

ಲೈಟು ಹಾಕದೆ?… ಕತ್ತಲಲ್ಲಿ, ಲೈಟು ಹಾಕದೆ ಲಾರಿ ಓಡ್ಸು ಅಂದ್ರಾ? ಯಾಕೆ?…

ಕೈಚಳಕ ನೋಡಕ್ಕೆ. ಕೈಚಳಕ ನೋಡೋರು ಘಾಟಿ ಹತ್ತಿಸ್ತಾರೆ, ಇಕ್ಕಟ್ಟಲ್ಲಿ ರಿವರ್ಸ್ ತೆಗೆಸ್ತಾರೆ. ಲೈಟು ಯಾಕೆ ಆರಿಸ್ಬೇಕು? ಆ ಊರಲ್ಲಿ ಲಾರಿಗೆ ಲೈಟಿಲ್ವಾ?… ಇದೆ. ಇದ್ರೂ ಹಾಕಲ್ಲ… ಪಕ್ಕದಲ್ಲಿ ಯಾರು ಕೂತಿದ್ರು?… ಹೊಸಪೇಟೆ ಡ್ರೈವರ್ರಾ. ಅವನೂ ಪಾಸಾ. ಸರಿ…

ಇನ್ನೊಂದು ಕೇಳ್ತೀನಿ. ನಮ್ಮ ನಿಟ್ಟೂರಿನ ರಾಮಾಂಜಿನಯ್ಯನ ಮಗನೂ ಅದೇ ಕುವೈತಲ್ಲಿ ಲಾರಿ ಓಡಿಸ್ತಾನೆ. ಅವನಿಗಿಲ್ದೆ ಇರೋ ಮೂರು ಪಾಲು ಸಂಬಳ ನಿಂಗ್ಯಾಕೆ?… ಲಾರಿ ದೊಡ್ಡದಾ. ಫೋಟೋ ತೋರಿಸಿದ್ರಾ? ಯಾವ ಬಣ್ಣ?… ಗೊತ್ತಿಲ್ಲ ಅಂದ್ರೆ? ನೀನು ಲಾರಿ ಬಣ್ಣ ನೋಡ್ದೆ ಇರೋನಲ್ಲ… ಮೈ ಪೂರ್ತಿ ಕೆಸರು ಮೆತ್ತಿದ್ರಾ? ಗಾಜಿಗೂ?… ಬಿಸಿಲಿಗೆ. ಒಳಗೆ ತಂಪಿರ್ಲಿ ಅಂತ…

ಹೆಡ್‌ಲೈಟಿಗೆ?… ಅಂಜನಪ್ಪಾ, ಹೆಡ್‌ಲೈಟಿಗೆ ಏನು ಬಳ್ದಿದ್ರು?…

ಕಪ್ಪು. ಮೇಲಿನ ಅರ್ಧ ಮಾತ್ರ…

ಅದೂ ಬಿಸಿಲಿಗಾ?…

ಮಾತು ತಿರುಗಿಸ್ಬೇಡ…

ನಾನೇ ಹೇಳ್ತೀನಿ ಕೇಳು. ಪಾಕಿಸ್ತಾನದ ಯುದ್ಧ ಆಯ್ತಲ್ಲ, ಆ ವರ್ಷ ನಿಮ್ಮ ಭಾವ ಬೊಂಬಾಯಿ ಲೈನಿಂದ ಬಂದು ಲಾರೀನ ಮನೆ ಮುಂದೆ ನಿಲ್ಲಿಸಿದ್ರು. ಹೆಡ್‌ಲೈಟಿನ ಮೇಲರ್ಧಕ್ಕೆ ಹಿಂಗೇ ಕಪ್ಪು. ಲಾರಿಗೆ ಹುಬ್ಬು ಬಂದೈತೆ ಅಂತ ನಾನು ನಕ್ಕಿದ್ದೆ. ನಗಬೇಡ, ಮೇಲಿಂದ ವಿಮಾನದೋರಿಗೆ ಬೆಳಕು ಕಾಣದೆ ಇರ್ಲಿ ಅಂತ ಬಳ್ಸಿರೋದು ಅಂದ್ರು. ಯುದ್ಧ ಮುಗಿದ ಮೇಲೆ ಆ ಬಣ್ಣಾನ ಮಧ್ಯಾಹ್ನವೆಲ್ಲಾ ಕೂತು ಬ್ಲೇಡಲ್ಲಿ ಕೆರೆದೋನು ಯಾರ್ಲಾ? ಯಾರು ಆಗ ಕ್ಲೀನರ್ರು?…

ಅಂದ್ರೆ ನಿಂಗೆ ಗೊತ್ತು…

ಇಷ್ಟೊತ್ತು ಆ ಬೆಟ್ಟಸ್ವಾಮಿ ನಿಂಗೆ ಮೋಸ ಮಾಡ್ತಿದಾನೆ ಅಂದ್ಕೊಂಡಿದ್ದೆ. ನೀನು ನಂಗೆ ಮಾಡ್ತಿದೀಯ…

ಎಲ್ಲಿಗೆ ಲೋಡು? ನಿಜ ಹೇಳು, ಇವತ್ತು ಶನಿವಾರ, ಹನುಮಂತರಾಯನಿಗೆ ಅಂತ ಕಿತ್ತ ತುಳಸಿ ಕೈಲೇ ಐತೆ… ಕುವೈತಿನ ಹಡಗುಕಟ್ಟೆಯಿಂದ… ಬಸ್ರಾಗೆ, ರಾತ್ರಿ ಹೊತ್ತು, ಲಾರಿಗಳೆಲ್ಲಾ ಸಾಲಾಗಿ. ಆ ಊರಿನ ಹೆಸರು ದಿನಾ ರೇಡಿಯೋದಲ್ಲಿ ಯುದ್ಧದ ವಾರ್ತೇಲಿ ಬರುತ್ತೆ ಕಣೋ. ಒಂದು ದಿನಕ್ಕೂ ಒಳ್ಳೇದಕ್ಕೆ ಬಂದಿಲ್ಲ…

ಸಿದ್ದಗಂಗಮ್ಮಂಗೆ ಏನಂತ ಹೇಳಿದೀಯ? ಕಟ್ಕೊಂಡೋಳಿಗೂ ಬಿಸಿಲಿನ ಕಥೇನಾ?… ಅದಕ್ಕೇ ಅವಳನ್ನ ಕೇಳೋದು ಬಿಟ್ಟು ನನ್ನ ಹೂಂ ಬೇಕಾಯ್ತು. ಅಕ್ಕ ಕಣ್ಮುಚ್ಕೊಂಡು ಹೂಂ ಅಂತಾಳೆ ಅಂತ…

ಹಲೋ? ಹಾಂ, ಹೇಳಿ ತಾಯಿ… ಮೂರು ನಿಮಿಷ ಆಯ್ತಾ? ಕಟ್ ಮಾಡ್ಬೇಡಿ ಆಪರೇಟರಮ್ಮಾ, ಆ ಕಡೆಯೋರನ್ನ ಕೇಳಿ. ಅವರೇ ಮುಂದುವರೆಸಿ ಅಂತಾರೆ, ಅವರಿಗೆ ನನ್ನಿಂದ ಒಂದು ಮಾತು ಆಗ್ಬೇಕಾಗಿದೆ… ಅಂದ್ರಲ್ಲ, ನೋಡಿ…

ಇದೀನಿ ಕಣೋ, ಹೇಳು… ಸ್ವಂತ ಲಾರಿ. ಗೊತ್ತು, ಇನ್ನೊಬ್ಬರ ಗಾಡಿ ಓಡಿಸಿ ನಿಂಗೆ ಸಾಕಾಗೈತೆ… ಮುಂದುಗಡೆ ಭಾವನ ಹೆಸರು ಬರೆಸ್ತೀಯಾ? ದೊಡ್ಡ ಅಕ್ಷರದಲ್ಲಿ?… ಬರೆಸಿದ್ಮೇಲೆ ಆ ಗಾಡೀನ ನಮ್ಮನೆ ಮುಂದೆ ಯಾರು ತಂದು ನಿಲ್ಲಿಸ್ತಾರೆ, ಬೆಟ್ಟಸ್ವಾಮಿನಾ?…

ಬಂದ್ಬುಡು ಅಂಜನಪ್ಪ… ಯಾಕಾಗಲ್ಲ?… ಪಾಸ್‌ಪೋರ್ಟು ಅವರ ಹತ್ರಾನಾ. ನೀನು ಬೇಡ ಅಂದ್ರೆ ಕೊಡಲ್ಲ… ನಾನು ಬೇಡ ಅಂದ್ರೆ? ಅದಕ್ಕೂ ನಿಂಗೇ ಬೈತಾರಾ… ಅವರೇ ನೀನು ಬೇಡ ಅಂದ್ರೆ?… ಏನಿಲ್ಲ, ಸುಮ್ನೆ ಕೇಳ್ದೆ. ಸೀಮೇಸುಣ್ಣದ ಗೆರೆ ತುಳಿದ ಅಂತ ಒಬ್ಬನ್ನ ಬೇಡ ಅಂದ್ರು ಅಂದ್ಯಲ್ಲ, ಅವನಿಗೆ ಪಾಸ್‌ಪೋರ್ಟು ಕೊಟ್ರಾ?… ಅವತ್ತೇ ಕೊಟ್ಟು ಕಳಿಸಿದ್ರು. ಹಾಂ…

ಫೋನು ಅವರಿಗೆ ಕೊಡು… ಜಗಳ ಆಡಲ್ಲ ಕಣೋ, ನಾನು ಯಾವತ್ತು ಜಗಳ ಆಡಿದೀನಿ? ಕೊಡು…

ಒಂದ್ ಗಳಿಗೆ ಇರಿ ಬೆಟ್ಟಸ್ವಾಮಿಯೋರೇ. ವೆಂಕಟೇಶಯ್ಯನೋರೇ, ಈ ತುಳಸೀನ ಸ್ವಲ್ಪ ನಿಮ್ಮ ಕೈಲಿ ಹಿಡ್ಕೊಳ್ಳಿ ಸ್ವಾಮಿ… ಇಲ್ಲ, ಕೈ ನೋವಿಲ್ಲ. ಹಿಡ್ಕೊಳ್ಳಿ…

ಹಾಂ, ಹಲೋ. ಎಲ್ಲಾ ಕೇಳ್ದೆ. ನೀವು ಅಂದ ಹಂಗೇ ಒಳ್ಳೆ ಕೆಲಸ. ಒಂದೇ ಒಂದು ಸಂದೇಹ. ಅವನ ಕಣ್ಣಿನ ವಿಷಯ ನಿಮಗೆ ಹೇಳಿದಾನೆ ಅಲ್ವಾ?… ಹೇಳಿಲ್ವಾ?… ಇರುಳುಗಣ್ಣು ಸ್ವಾಮಿ ಅವನಿಗೆ. ಚಿಕ್ಕಂದಿಂದ್ಲೂ ಅಷ್ಟೇ. ಹೊತ್ತು ಮುಳುಗಿತು ಅಂದ್ರೆ ಬಾಗಿಲು ಯಾವುದು ಗೋಡೆ ಯಾವುದು ತಿಳಿಯಲ್ಲ. ಉಣ್ಣಕ್ಕೂ ನಾನೇ ಕೈ ಹಿಡಿದು ಕೂರಿಸ್ಬೇಕಿತ್ತು…

ಲಾರಿನಾ? ಹಗಲು ಹೊತ್ತು ಓಡ್ಸೋದು. ಗುಬ್ಬಿಯಿಂದ ತುಮಕೂರು, ತುಮಕೂರಿಂದ ಗುಬ್ಬಿ, ಕೊಬ್ಬರಿ ಲೋಡು. ಕತ್ತಲಾದ್ರೆ ಎಲ್ಲಿರ್ತಾನೋ ಅಲ್ಲೇ ನಿಲ್ಲಿಸಿ ಮಲಗ್ಬಿಡೋನು…

ಪಾಸಾಗಿದ್ದಾ? ಪಕ್ಕದಲ್ಲಿ ಹೊಸಪೇಟೆಯೋನು ಕೂತಿದ್ದನಲ್ಲ. ಎಡಕ್ಕೆ, ಬಲಕ್ಕೆ ಅಂತ ಕನ್ನಡದಲ್ಲಿ ಪಿಸುಗುಟ್ಟಿದ್ರೆ ನಿಮ್ಮ ಆ ಪರೀಕ್ಷೆ ಸಾಹೇಬರಿಗೆ ಏನು ತಿಳೀತಿತ್ತು?… ಸಾಲಾಗಿ ಹೋಗೋ ಲಾರಿಗಳಲ್ವಾ, ಮುಂದಿನೋನು ಗುಂಡಿಗೆ ಇಳಿಸಿದ್ರೆ ಹಿಂದೆ ಬರೋರ ಗತಿ? ನಾಳೆ ತಕರಾರು ಬರಬಾರ್ದು ಅಂದ್ರಲ್ಲ, ಅದಕ್ಕೆ ಹೇಳ್ದೆ…

ಸುಳ್ಳಾ? ಪುಟ್ಟತಾಯಮ್ಮ ಸುಳ್ಳಾಡೋ ಹೆಂಗಸಾ ಅಂತ ಗುಬ್ಬೀಲಿ ಯಾರನ್ನಾದ್ರೂ ಕೇಳಿ. ಇಲ್ಲೇ ವೆಂಕಟೇಶಯ್ಯನೋರಿದಾರೆ, ಕೈಲಿ ತುಳಸಿ ಹಿಡ್ಕೊಂಡು ನಿಂತಿದಾರೆ, ಅವರನ್ನೇ ಕೇಳ್ತೀರಾ?… ಬೇಡ್ವಾ…

ಹಿಂದೆ ಕೂಗಾಡ್ತಿರೋದು ಯಾರು, ಅಂಜನಪ್ಪನಾ? ನನ್ನ ಬೈತಿದಾನಾ? ಕೊಡಿ ಅವನಿಗೆ…

ಬಯ್ಯೋ. ಚೆನ್ನಾಗಿ ಬಯ್ಯಿ. ಆದ್ರೆ ಫೋನಲ್ಲಿ ಬೇಡ, ಅರ್ಧ ಕೇಳಿಸಲ್ಲ ನಂಗೆ. ಅವರು ಪಾಸ್‌ಪೋರ್ಟು ಮುಖದ ಮೇಲೆ ಎಸೀತಾರೆ, ಬಗ್ಗಿ ಎತ್ಕೊ. ಎತ್ಕೊಂಡು ರೈಲು ಹತ್ತಿ ಬಾ. ಬಂದು ಅಪ್ಪ ಕೂತ್ಕೋತಿದ್ದ ಜಾಗದಲ್ಲೇ ಕೂತು ಬಯ್ಯಿ, ಒಂದೊಂದು ಮಾತಿಗೂ ನಾನು ಹೂಂ ಅಂತೀನಿ… ಕೇಳಿಸ್ತೇನ್ಲಾ?… ಅಂಜನಪ್ಪಾ… ಒಂದ್ಸಲ ನೀನು ಹೂಂ ಅನ್ನು… ಹಲೋ… ಹೂಂ ಅನ್ನೋ… ಹಲೋ…